ಜೋಡಣೆ ಮನೆಗಳು: ಗುರುಗ್ರಾಮ ಸೀಮೆಯಲ್ಲಿ ಬೆಳೆದು ಬಂದ ಬಗೆ

ಗೋಡೆ, ಚಾವಣಿ, ಮೆಟ್ಟಿಲು, ಕೆಲವೊಮ್ಮೆ ಇಡೀ ಕೋಣೆಯನ್ನೇ ನಿಗದಿತ ಅಳತೆಯಲ್ಲಿ ಕಾರ್ಖಾನೆಯಲ್ಲಿ ತಯಾರಿಸಿ, ನಿವೇಶನಕ್ಕೆ ತಂದು ಜೋಡಿಸುವ ಮನೆಗೆ ಮಾಡ್ಯುಲರ್ ಮನೆ ಎನ್ನುತ್ತಾರೆ. ಅದು ಕಡಿಮೆ ನೀರು, ಸಿಮೆಂಟು, ವಿದ್ಯುತ್ತಿನಲ್ಲಿ ಎದ್ದು ನಿಂತು ಬಹುಕಾಲ ಬಾಳಿದರೆ ಮಾತ್ರ ಸುಸ್ಥಿರ. ದೆಹಲಿಯ ನೈಋತ್ಯಕ್ಕಿರುವ ಹರಿಯಾಣದ ಗುರುಗ್ರಾಮದಲ್ಲಿ (2016ರವರೆಗೆ ಗುಡಗಾಂವ್) ಜೋಡಣೆ, ಸುಸ್ಥಿರತೆ ಎಂಬ ಈ ಎರಡು ಗುಣಗಳು ಬಹುಮಟ್ಟಿಗೆ ಬೇರೆ ಬೇರೆಯಾಗಿಯೇ ಬೆಳೆದವು.

ಇತಿಹಾಸದ ಮೊದಲ ಘಟ್ಟ ದೇಶ ವಿಭಜನೆಯದು. ಅದರಲ್ಲಿ ಕನ್ನಡ ನಾಡಿನ ನಂಟಿರುವ ಇಬ್ಬರು ಎದ್ದು ಕಾಣುತ್ತಾರೆ. ನಾಜಿ ಆಡಳಿತದಿಂದ ತಪ್ಪಿಸಿಕೊಂಡು ಬಂದ ಬರ್ಲಿನ್ನಿನ ವಾಸ್ತುಶಿಲ್ಪಿ ಓಟೊ ಕ್ಯೋನಿಗ್ಸ್‌ಬರ್ಗರ್ 1939ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ಲರ ಕರೆಯ ಮೇರೆಗೆ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅವರು ವಿನ್ಯಾಸ ಮಾಡಿದ ಕಟ್ಟಡಗಳಿವೆ. 1948ರಲ್ಲಿ ಅವರು ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾಗಿ ದೆಹಲಿಗೆ ಹೋದರು. ನಿರಾಶ್ರಿತರಿಗೆ ಬೇಗ ಸೂರು ಒದಗಿಸಲು ಅಲ್ಲಿನ ಜಂಗಪುರದಲ್ಲಿ ಸರ್ಕಾರಿ ವಸತಿ ಕಾರ್ಖಾನೆ ಆರಂಭವಾಯಿತು. ಹಗುರ ಕಾಂಕ್ರೀಟಿನ ಹಲಗೆಗಳನ್ನು ಎರಕ ಹೊಯ್ದು ಮನೆ ಜೋಡಿಸುವುದು ಯೋಜನೆ. ಹಲಗೆಗಳು ಬಿರುಕು ಬಿಟ್ಟವು, ಯೋಜನೆ ಟೀಕೆಗೆ ಗುರಿಯಾಯಿತು, ಕ್ಯೋನಿಗ್ಸ್‌ಬರ್ಗರ್ 1951ರಲ್ಲಿ ಭಾರತ ಬಿಟ್ಟರು. ಕಾರ್ಖಾನೆ 1953ರಲ್ಲಿ ಕಂಪನಿಯಾಗಿ, 1978ರಲ್ಲಿ ಹಿಂದೂಸ್ತಾನ್ ಪ್ರಿಫ್ಯಾಬ್ ಲಿಮಿಟೆಡ್ ಎಂಬ ಹೆಸರು ಪಡೆದು, ರೈಲ್ವೆ ಸ್ಲೀಪರುಗಳನ್ನೂ ವಿದ್ಯುತ್ ಕಂಬಗಳನ್ನೂ ತಯಾರಿಸುತ್ತ ಉಳಿಯಿತು.

ಅದೇ ಹೊತ್ತಿಗೆ ಫರೀದಾಬಾದಿನಲ್ಲಿ ಇನ್ನೊಂದು ದಾರಿ ತೆರೆಯಿತು. ಆಗ ಫರೀದಾಬಾದ್ ಗುಡಗಾಂವ್ ಜಿಲ್ಲೆಗೇ ಸೇರಿತ್ತು. ಪ್ರತ್ಯೇಕ ಜಿಲ್ಲೆಯಾದದ್ದು 1979ರಲ್ಲಿ. ವಾಯವ್ಯ ಗಡಿ ಪ್ರಾಂತ್ಯದಿಂದ ಬಂದ ನಿರಾಶ್ರಿತರು ಅಲ್ಲಿ ಕಾರ್ಮಿಕ ಸಹಕಾರ ಸಂಘಗಳನ್ನು ಕಟ್ಟಿಕೊಂಡು ತಮ್ಮ ಮನೆಗಳನ್ನು ತಾವೇ ಕಟ್ಟಿದರು. ಅವರ ಬೆನ್ನಿಗಿದ್ದದ್ದು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1948ರಲ್ಲಿ ಸ್ಥಾಪಿಸಿದ ಇಂಡಿಯನ್ ಕೋಆಪರೇಟಿವ್ ಯೂನಿಯನ್. ಯಂತ್ರ ಸೋತ ಕಡೆ ಸಂಘಟನೆ ಗೆದ್ದಿತು. ಈ ಪ್ರದೇಶದ ವಸತಿ ಇತಿಹಾಸದಲ್ಲಿ ಇದಕ್ಕೆ ಸಿಗಬೇಕಾದಷ್ಟು ಮನ್ನಣೆ ಇನ್ನೂ ಸಿಕ್ಕಿಲ್ಲ.

ಮುಂದಿನ ದಶಕಗಳಲ್ಲಿ ಕೆಲಸ ನಡೆದದ್ದು ಅಳತೆಯ ಮಟ್ಟದಲ್ಲಿ. ಮೆಟ್ರಿಕ್ ಪದ್ಧತಿ ಬಂದ ಮೇಲೆ 10 ಸೆಂಟಿಮೀಟರನ್ನು ಮೂಲಮಾನವಾಗಿಟ್ಟುಕೊಂಡು ಭಾರತೀಯ ಮಾನಕ ಇಟ್ಟಿಗೆಯನ್ನು ರೂಪಿಸಲಾಯಿತು: 19 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲ, 9 ಸೆಂ.ಮೀ. ಎತ್ತರ. ಒಂದು ಸೆಂಟಿಮೀಟರ್ ಗಾರೆ ಸೇರಿದರೆ 20, 10, 10. ಬಾಗಿಲು, ಕಿಟಕಿ, ಚಾವಣಿ ಎಲ್ಲವೂ ಇದೇ ಲೆಕ್ಕದಲ್ಲಿದ್ದರೆ ಇಟ್ಟಿಗೆ ಒಡೆಯುವ ಪ್ರಮೇಯವೇ ಬರುವುದಿಲ್ಲ. ಆದರೂ ಇಟ್ಟಿಗೆ ಗೂಡಿನವರು ಹಳೆಯ ಒಂಬತ್ತು ಅಂಗುಲದ ಅಚ್ಚನ್ನು ಬಿಡಲಿಲ್ಲ, ಮೇಸ್ತ್ರಿಗಳು ಕರಣೆಯ ಅಂಚಿನಿಂದ ಇಟ್ಟಿಗೆ ಕತ್ತರಿಸುವುದೂ ನಿಲ್ಲಲಿಲ್ಲ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಕ್ರೇನ್ ಇಲ್ಲದೆ ಕೂಲಿಗಳೇ ಎತ್ತಿಡಬಲ್ಲ ಚಿಕ್ಕ ತೊಲೆ–ಹಲಗೆಗಳ ಚಾವಣಿಯನ್ನು ರೂಪಿಸಿತು. ನಮ್ಮ ದೇಶಕ್ಕೆ ಹೊಂದುವ ಮಾಡ್ಯುಲರ್ ವಿಧಾನ ಎಂದರೆ ಇದೇ.

ಗುಡಗಾಂವ್ ನಗರವಾದದ್ದು 1975ರ ಹರಿಯಾಣ ನಗರ ಪ್ರದೇಶ ಅಭಿವೃದ್ಧಿ ಕಾಯ್ದೆಯ ನಂತರ. ಪರವಾನಗಿ ಪಡೆದ ಖಾಸಗಿ ಬಿಲ್ಡರುಗಳು ಬಡಾವಣೆ ಮಾಡತೊಡಗಿದರು. 1983ರಲ್ಲಿ ಇಲ್ಲಿನ ಕಾರ್ಖಾನೆಯಿಂದ ಮಾರುತಿ ಕಾರು ಹೊರಬಂತು. ಬಳಿಕ ಗೋಪುರಗಳ ಸಾಲು ಎದ್ದಿತು. ವೇಗ ಬೇಕಾದಾಗ ಬಿಲ್ಡರುಗಳು ಆರಿಸಿಕೊಂಡದ್ದು ಜೋಡಣೆ ಮನೆಯನ್ನಲ್ಲ, ಅಲ್ಯೂಮಿನಿಯಂ ಸೆಂಟ್ರಿಂಗನ್ನು. ಇದರಲ್ಲಿ ಮಾಡ್ಯುಲರ್ ಆಗಿರುವುದು ಅಚ್ಚು ಮಾತ್ರ. ಗೋಡೆ, ಸ್ಲ್ಯಾಬ್ ಎರಡಕ್ಕೂ ಒಟ್ಟಿಗೆ ಕಾಂಕ್ರೀಟ್ ಹೊಯ್ಯುವುದರಿಂದ ಮುಂದೆ ಒಂದು ಗೋಡೆ ತೆಗೆಯುವುದೂ ಅಸಾಧ್ಯ. ಐದಾರು ಅಂಗುಲದ ಕಾಂಕ್ರೀಟ್ ಗೋಡೆ ಮೇ ತಿಂಗಳ ಬಿಸಿಯನ್ನು ನೇರವಾಗಿ ಒಳಗೆ ಬಿಡುತ್ತದೆ, ಏಸಿ ಬಿಲ್ಲು ಏರುತ್ತದೆ. ಹರಿಯಾಣದ 2013ರ ಕೈಗೆಟುಕುವ ವಸತಿ ನೀತಿ 28ರಿಂದ 60 ಚದರ ಮೀಟರಿನ ಫ್ಲ್ಯಾಟುಗಳಿಗೆ ಬೆಲೆಯ ಮಿತಿ, ನಾಲ್ಕು ವರ್ಷದ ಗಡುವು ಎರಡನ್ನೂ ಹಾಕಿತು. ವೇಗದ ಒತ್ತಡ ಅದರಿಂದ ಇನ್ನಷ್ಟು ಹೆಚ್ಚಿತು.

ಸುಸ್ಥಿರತೆಯ ಪಾಠ ಬಂದದ್ದು ನಗರದ ಅಂಚಿನ ಗ್ವಾಲ್ ಪಹಾಡಿಯಿಂದ. ಇಂಧನ, ಸಂಪನ್ಮೂಲಗಳ ಸಂಶೋಧನೆ ನಡೆಸುವ ಟೆರಿ ಸಂಸ್ಥೆ 2000ದಲ್ಲಿ ಅಲ್ಲಿ ಮುಗಿಸಿದ ‘ರಿಟ್ರೀಟ್’ ತರಬೇತಿ ಕೇಂದ್ರಕ್ಕಾಗಿ ನೆಲದಡಿ 4 ಮೀಟರ್ ಆಳದಲ್ಲಿ 70 ಮೀಟರ್ ಉದ್ದದ ನಾಲ್ಕು ಸುರಂಗಗಳನ್ನು ಹಾಕಲಾಯಿತು. ಆ ಆಳದಲ್ಲಿ ಮಣ್ಣಿನ ಉಷ್ಣತೆ ವರ್ಷವಿಡೀ ಸುಮಾರು 26 ಡಿಗ್ರಿ. ಹೊರಗಿನ ಗಾಳಿ ಈ ಸುರಂಗಗಳ ಮೂಲಕ ಹಾದು ಬೇಸಿಗೆಯಲ್ಲಿ ತಣ್ಣಗೆ, ಚಳಿಗಾಲದಲ್ಲಿ ಬೆಚ್ಚಗೆ ಕೋಣೆ ಸೇರುತ್ತದೆ. ಗೋಡೆಗೆ ಉಷ್ಣನಿರೋಧಕ ಪದರ, ಚಾವಣಿಗೆ ಬಿಳಿ ಪಿಂಗಾಣಿ ಚೂರುಗಳ ಹೊದಿಕೆ, ಕೊಳಚೆ ನೀರು ಶುದ್ಧಿಗೆ ಜೊಂಡಿನ ಮಡಿಗಳಿವೆ. ಹಸಿರು ಕಟ್ಟಡಗಳಿಗಾಗಿ ಟೆರಿ ರೂಪಿಸಿದ ‘ಗೃಹ’ ಮಾನದಂಡ 2007ರಲ್ಲಿ ರಾಷ್ಟ್ರೀಯ ಮಾನ್ಯತೆ ಪಡೆಯಿತು. ವಸತಿ ಕಟ್ಟಡಗಳಲ್ಲಿ ಇಂಧನ ಉಳಿಸುವ ಇಕೋ ನಿವಾಸ್ ಸಂಹಿತೆ 2018ರಲ್ಲಿ ಬಂತು.

ಇತ್ತ ಕಟ್ಟಡ ಸಾಮಗ್ರಿಗೇ ಕುತ್ತು ಬಂತು. ಸುಪ್ರೀಂ ಕೋರ್ಟ್ 2009ರಲ್ಲಿ ಈ ಭಾಗದ ಅರಾವಳಿಯಲ್ಲಿ ಗಣಿಗಾರಿಕೆ ತಡೆಯಿತು. ಪಂಜಾಬ್–ಹರಿಯಾಣ ಹೈಕೋರ್ಟ್ 2012ರಲ್ಲಿ ಗುಡಗಾಂವಿನ ಕಟ್ಟಡ ಕೆಲಸಕ್ಕೆ ಅಂತರ್ಜಲ ಬಳಸುವುದನ್ನು ನಿರ್ಬಂಧಿಸಿತು. 2017ರ ನಂತರ ಹೊಗೆ ಕವಿದ ಚಳಿಗಾಲಗಳಲ್ಲಿ ನಿವೇಶನದ ಕೆಲಸವೇ ಆಗಾಗ ನಿಂತಿತು. ಕಾರ್ಖಾನೆಯ ಎರಕ ಈ ತೊಂದರೆಗಳನ್ನು ತಗ್ಗಿಸುತ್ತದೆ: ಕ್ಯೂರಿಂಗ್ ನೀರನ್ನು ಮರುಬಳಸಬಹುದು, ಧೂಳು ಕಡಿಮೆ, ಗುಣಮಟ್ಟದ ತಪಾಸಣೆ ಸುಲಭ. ತಪಾಸಣೆಯ ಬೆಲೆ ಏನೆಂಬುದು 2022ರ ಫೆಬ್ರುವರಿಯಲ್ಲಿ ತಿಳಿಯಿತು. ಸೆಕ್ಟರ್ 109ರ ಗೋಪುರವೊಂದರ ಭಾಗ ಕುಸಿದು ಇಬ್ಬರು ಸತ್ತರು. ಕಾಂಕ್ರೀಟಿನಲ್ಲಿ ಕ್ಲೋರೈಡ್ ಸೇರಿ ಕಂಬಿ ತುಕ್ಕು ಹಿಡಿದಿದೆ, ದುರಸ್ತಿ ಸಾಧ್ಯವಿಲ್ಲ ಎಂದು ದೆಹಲಿ ಐಐಟಿ ವರದಿ ಕೊಟ್ಟಿತು.

ಕೇಂದ್ರ ಸರ್ಕಾರ 2021ರ ಜನವರಿ 1ರಂದು ಆರು ನಗರಗಳಲ್ಲಿ, ಹೊಸ ನಿರ್ಮಾಣ ವಿಧಾನಗಳನ್ನು ಮಾಡಿ ತೋರಿಸುವ ಲೈಟ್ ಹೌಸ್ ಯೋಜನೆಗಳಿಗೆ ಅಡಿಗಲ್ಲು ಹಾಕಿತು. ಚೆನ್ನೈಯಲ್ಲಿ ಮೊದಲೇ ಎರಕ ಹೊಯ್ದು ಜೋಡಿಸುವ ಪ್ರೀಕಾಸ್ಟ್ ವಿಧಾನದ 1,152 ಮನೆಗಳು 2022ರ ಮೇನಲ್ಲಿ ಸಿದ್ಧವಾದವು. ರಾಂಚಿಯಲ್ಲಿ ಇಡೀ ಕೋಣೆಗಳನ್ನೇ ಎರಕ ಹೊಯ್ದು ಒಂದರ ಮೇಲೊಂದು ಕೂರಿಸಿದರು. ಆ ಆರರಲ್ಲಿ ಗುರುಗ್ರಾಮ ಇರಲಿಲ್ಲ. ಇಲ್ಲಿನ ಗೋಪುರಗಳನ್ನು ಕಟ್ಟುವ ವಲಸೆ ಕಾರ್ಮಿಕರು ಇಂದಿಗೂ ನಿವೇಶನದ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಬದುಕುತ್ತಾರೆ. ಅವರಂಥವರಿಗಾಗಿ 2020ರ ಜುಲೈಯಲ್ಲಿ ಬಾಡಿಗೆ ವಸತಿ ಸಂಕೀರ್ಣಗಳ ಯೋಜನೆಯೊಂದು ಬಂತು. ಒಂದು ನಿವೇಶನದ ಕೆಲಸ ಮುಗಿದ ಮೇಲೆ ಬಿಚ್ಚಿ ಇನ್ನೊಂದೆಡೆ ಜೋಡಿಸಬಲ್ಲ, ತಾಪ ತಡೆಯುವ ಗೋಡೆಯುಳ್ಳ ಮನೆ ಗುರುಗ್ರಾಮದಲ್ಲಿ ಮೊದಲು ಸಿಗಬೇಕಾದದ್ದು ಈ ಕಾರ್ಮಿಕರಿಗೇ.