ನಿವೃತ್ತರ ಪಟ್ಟಿಯಿಂದ ಮರಳಿ ಬಂದ ನೌಕಾಧಿಪತಿ

ನೌಕಾಯುದ್ಧವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಫಿರಂಗಿಯ ಹೊಗೆ, ಮುಳುಗುವ ಹಡಗು, ದುರ್ಬೀನು ಹಿಡಿದ ಕಪ್ತಾನ. ಆದರೆ ಎರಡು ಮಹಾಯುದ್ಧಗಳನ್ನು ಕಂಡ ಬ್ರಿಟನ್ನಿನ ಅಡ್ಮಿರಲ್ ಬರ್ಟ್ರಮ್ ರಾಮ್ಸೆಯವರು ಹೆಚ್ಚಿನ ಕೀರ್ತಿಯನ್ನು ಗಳಿಸಿದ್ದು ಮೇಜಿನ ಮುಂದೆ ಕುಳಿತು. ಕಡತಗಳ ನಡುವೆ ಆಯುಷ್ಯ ಸವೆಸುವ ನಮ್ಮಂಥವರಿಗೆ ಅವರ ಚರಿತ್ರೆ ಹಿಡಿಸಲು ಇದೂ ಒಂದು ಕಾರಣ.

1883ರಲ್ಲಿ ಹುಟ್ಟಿದ ರಾಮ್ಸೆ 1898ರಲ್ಲಿ ನೌಕಾಪಡೆಯನ್ನು ಸೇರಿದರು. ಮೊದಲನೆಯ ಮಹಾಯುದ್ಧದಲ್ಲಿ ಡೋವರ್ ಕಾವಲು ಪಡೆಯ ‘ಎಂ-25’ ಎಂಬ ಸಣ್ಣ ಯುದ್ಧನೌಕೆಗೂ, 1917ರಿಂದ ‘ಬ್ರೋಕ್’ ಎಂಬ ವಿನಾಶಕ ನೌಕೆಗೂ ನಾಯಕರಾದರು. ಇಂಗ್ಲಿಷ್ ಕಡಲ್ಗಾಲುವೆಯ ಪರಿಚಯ ಅವರಿಗಾದದ್ದು ಆಗಲೇ.

1935ರಲ್ಲಿ ಅವರು ಸ್ವದೇಶಿ ನೌಕಾದಳದ ಅಧಿಪತಿ ಬ್ಯಾಕ್‌ಹೌಸರಿಗೆ ಮುಖ್ಯ ಸಹಾಯಕರಾದರು. ಬ್ಯಾಕ್‌ಹೌಸ್ ಹಳೆಯ ಸ್ನೇಹಿತರು, ಮಹಾ ದುಡಿಮೆಗಾರರು; ಆದರೆ ಪ್ರತಿಯೊಂದು ಕೆಲಸವೂ ತಮ್ಮ ಕೈಯಿಂದಲೇ ಆಗಬೇಕೆನ್ನುವವರು. ಸಹಾಯಕನಿಗೆ ಕೆಲಸ ವಹಿಸದಿದ್ದರೆ ಸಹಾಯಕನೇಕೆ ಎಂಬುದು ರಾಮ್ಸೆಯವರ ವಾದ. ಕೆಲವೇ ತಿಂಗಳಲ್ಲಿ ಅವರು ಹುದ್ದೆ ಬಿಟ್ಟರು. 1938ರಲ್ಲಿ, 55ನೆಯ ವಯಸ್ಸಿಗೆ, ಅವರ ಹೆಸರು ನಿವೃತ್ತರ ಪಟ್ಟಿಗೆ ಸೇರಿತು.

ಮರುವರ್ಷವೇ ಯುದ್ಧ ಬಂತು. ಡೋವರನ್ನು ಬಲ್ಲವರು ಬೇಕಾದರು. ರಾಮ್ಸೆಯವರಿಗೆ ಕರೆ ಹೋಯಿತು.

1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ಬ್ರಿಟಿಷ್ ಮತ್ತು ಫ್ರೆಂಚ್ ಪಡೆಗಳನ್ನು ಡಂಕರ್ಕಿನ ಕಡಲತೀರಕ್ಕೆ ಅಟ್ಟಿತು. ಎರಡು ದಿನಗಳಲ್ಲಿ 45,000 ಮಂದಿಯನ್ನು ಉಳಿಸಿಕೊಂಡರೆ ಸಾಕು ಎಂಬುದು ಆರಂಭದ ಅಂದಾಜು. ಮೇ 27ರಂದು ಬಂದವರು ಬರೀ 7,669. ರಾಮ್ಸೆ ಡೋವರ್ ಕೋಟೆಯ ಕೆಳಗಿನ ಸುರಂಗದ ಕೋಣೆಗಳಿಂದ ಹಡಗುಗಳ ಸಂಚಾರ ನಡೆಸುತ್ತ, ದಡದ ವ್ಯವಸ್ಥೆಯನ್ನು ಕ್ಯಾಪ್ಟನ್ ಟೆನಂಟರಿಗೆ ಒಪ್ಪಿಸಿದರು. ಅಲೆ ತಡೆಯಲೆಂದು ಕಟ್ಟಿದ್ದ ಪೂರ್ವದ ಕಟ್ಟೆಗೆ ಹಡಗು ನಿಲ್ಲಿಸಿ ನೋಡಿದವರು ಟೆನಂಟ್. ಅದು ಹಡಗು ನಿಲ್ಲಿಸಲು ಕಟ್ಟಿದ್ದಲ್ಲ, ಆದರೂ ತಡೆಯಿತು. ಜೂನ್ 4ರ ಹೊತ್ತಿಗೆ ಪಾರಾದವರು 3,38,226 ಮಂದಿ. ಸಣ್ಣ ದೋಣಿಗಳ ಸಾಹಸವನ್ನು ಎಲ್ಲರೂ ಬಲ್ಲರು. ಆದರೆ ಇವರಲ್ಲಿ ಸುಮಾರು 2,39,000 ಮಂದಿ ಬಂದರಿನ ಕಟ್ಟೆಗಳಿಂದಲೇ ಹಡಗು ಹತ್ತಿದರು. ಇದಕ್ಕೆ ಬೆಲೆಯೂ ತೆರಬೇಕಾಯಿತು: ಬ್ರಿಟನ್ನಿನ ಆರು ವಿನಾಶಕ ನೌಕೆಗಳು ಮುಳುಗಿದವು.

ವಿಚಿತ್ರವೆಂದರೆ, ಇಷ್ಟಾದರೂ ರಾಮ್ಸೆ ಕಾಗದದ ಮೇಲೆ ನಿವೃತ್ತರೇ! 1942ರ ಉತ್ತರ ಆಫ್ರಿಕಾ, 1943ರ ಸಿಸಿಲಿ ದಂಡಯಾತ್ರೆಗಳಿಗೂ ಅವರು ದುಡಿದದ್ದು ಹಾಗೆಯೇ. ಸಕ್ರಿಯ ಸೇವೆಯ ಪಟ್ಟಿಗೆ ಅವರ ಹೆಸರು ಮರಳಿದ್ದು 1944ರ ಏಪ್ರಿಲಿನಲ್ಲಿ. ಆ ಜೂನ್ 6ರಂದು ನಾರ್ಮಂಡಿಯ ದಂಡೆಗೆ ಸೇನೆಯನ್ನು ಇಳಿಸಿದ ಸುಮಾರು 7,000 ನೌಕೆಗಳ ಯೋಜನೆಯ ಹೊಣೆ ಅವರದು. ಹಿಂದೆ ಜನರನ್ನು ಕರೆತಂದ ಅದೇ ಕಡಲಿನ ಮೇಲೆ ಈಗ ಕಳಿಸಿಕೊಟ್ಟರು.

ಜಯವನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. 1945ರ ಜನವರಿ 2ರಂದು ಪ್ಯಾರಿಸಿನ ಬಳಿ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ಕೆಲಸವನ್ನು ಹಂಚಿಕೊಡಬೇಕೆಂಬ ಮಾತಿಗಾಗಿ ಹುದ್ದೆ ತೊರೆದವರು ರಾಮ್ಸೆ. ಐದು ವರ್ಷಗಳ ನಂತರ ಡಂಕರ್ಕಿನಲ್ಲಿ ಅದನ್ನೇ ಮಾಡಿ ತೋರಿಸಿದರು. ಮೇಲಧಿಕಾರಿಗಳೂ ಕೈಕೆಳಗಿನವರೂ ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕಾದ ಸಂಗತಿಯಿದು ಎಂದು ನಾವು ಭಾವಿಸುತ್ತೇವೆ.