ಬೀದಿ ನೋಡಲು ಬಂದವರು

ಹೋದ ಬೇಸಿಗೆಯಲ್ಲಿ ಅವ್ವನನ್ನು ಟೂರಿಗೆ ಕರೆದುಕೊಂಡು ಹೋದೆ. ಟೂರು ಅಂದರೆ ಜೋಗ ಅಲ್ಲ, ಸಕ್ರೆಬೈಲಿನ ಆನೆ ಬಿಡಾರ ಅಲ್ಲ, ತ್ಯಾವರೆಕೊಪ್ಪದ ಸಿಂಹಧಾಮವೂ ಅಲ್ಲ. ನಾವು ಹೋದದ್ದು ಶಿವಮೊಗ್ಗದ ಒಂದು ದೊಡ್ಡವರ ಬೀದಿಗೆ, ಆಮೇಲೆ ಭದ್ರಾವತಿಯ ಬಂಗಲೆ ಸಾಲಿಗೆ. ಸುಮ್ಮನೆ ನೋಡಿಕೊಂಡು ಬರೋಣ ಅಂತ.

ದೊಡ್ಡವರ ಬೀದಿ ಅಂದರೆ ನಿಮಗೆ ಗೊತ್ತು. ಎಲ್ಲಾ ಊರಲ್ಲೂ ಒಂದಿರುತ್ತದೆ. ಅಗಲವಾದ ರಸ್ತೆ, ಎರಡೂ ಕಡೆ ನೆರಳಿನ ಮರ, ಕಾಂಪೌಂಡಿನ ಮೇಲೆ ಕಾಗದದ ಹೂವಿನ ಬಳ್ಳಿ, ಗೇಟಿನ ಪಕ್ಕದಲ್ಲಿ ಹೆಸರೂ ಡಿಗ್ರಿಯೂ ಕೆತ್ತಿದ ಕಲ್ಲು, ಒಳಗೊಂದು ನಾಯಿ. ಊರಿಗೆ ನೆಂಟರು ಬಂದರೆ ‘ನೋಡಿ, ನಮ್ಮೂರು ಎಷ್ಟು ಚೆನ್ನಾಗಿದೆ’ ಅಂತ ತೋರಿಸುವುದು ಈ ಬೀದಿಯನ್ನೇ. ಕೇರಿಯನ್ನು ಯಾರೂ ತೋರಿಸುವುದಿಲ್ಲ.

ಅವ್ವನಿಗೆ ಎಂಬತ್ತು ದಾಟಿದೆ. ಆ ಬೀದಿ ಅವಳಿಗೆ ಹೊಸದಲ್ಲ. 1960ರ ದಶಕದಲ್ಲಿ, ಮದುವೆಯಾಗಿ ಬಂದ ಹೊಸತರಲ್ಲಿ, ಅಲ್ಲಿನ ಮನೆಗಳ ಕಕ್ಕಸು ಬಳಿದವಳು ಅವಳು. ಅದಕ್ಕೇ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು. ಆಟೋ ಇಳಿದೆವು. ಬೀದಿಯ ಮೂಲೆಗೆ ಬರುತ್ತಲೇ ಅವ್ವ ತಾನಾಗಿ ಎಡಕ್ಕೆ ತಿರುಗಿ ಹಿಂದಿನ ಸಂದಿಯ ಕಡೆ ಹೊರಟಳು.

‘ಅವ್ವಾ, ಅಲ್ಲಲ್ಲ, ಈ ಕಡೆ’ ಅಂದೆ.

‘ಇದೇ ದಾರಿ ಕಣೋ ಮಗ’ ಅಂದಳು.

ಅವಳ ಪಾಲಿಗೆ ಆ ಬೀದಿಗಿದ್ದದ್ದು ಅದೊಂದೇ ದಾರಿ. ಮನೆಗಳ ಮುಂಬಾಗಿಲು ಹೇಗಿದ್ದವು, ಯಾವ ಬಣ್ಣ ಅನ್ನುವುದನ್ನು ಅವಳು ನೋಡಿಯೇ ಇರಲಿಲ್ಲ. ಹಿಂದಿನ ಗೋಡೆಯ ಕಿಂಡಿಗಳು ಮಾತ್ರ ಒಂದೊಂದೂ ಗೊತ್ತಿದ್ದವು.

ಈ ಸಂದಿಯ ಚರಿತ್ರೆಯನ್ನು ಯಾವ ಪ್ರವಾಸಿ ಮಾಹಿತಿ ಪುಸ್ತಕವೂ ಬರೆಯುವುದಿಲ್ಲ. ನಾವೇ ಬರೆದುಕೊಳ್ಳಬೇಕು. ಹಳೆಯ ಬಡಾವಣೆಗಳ ನಕ್ಷೆ ತೆಗೆದು ನೋಡಿ. ಎರಡು ಸಾಲು ಮನೆಗಳ ಹಿತ್ತಲ ನಡುವೆ ಒಂದು ಕಿರಿದಾದ ಓಣಿ ಇರುತ್ತದೆ. ಕಚೇರಿಯ ಮಾತಲ್ಲಿ ಕನ್ಸರ್ವೆನ್ಸಿ. ಕಕ್ಕಸಿನ ಹಿಂಗೋಡೆಯಲ್ಲಿ ಒಂದು ಕಿಂಡಿ, ಕಿಂಡಿಯೊಳಗೆ ಬಕೇಟು. ಹೊರಗಿನಿಂದಲೇ ಎಳೆದು, ಬಳಿದು, ತುಂಬಿಕೊಂಡು ಹೋಗಬೇಕು. ಮನೆಯೊಳಗಿನವರು ಬಳಿಯುವವಳ ಮುಖ ನೋಡಬೇಕಾಗಿಲ್ಲ, ಅವಳ ನೆರಳು ಅಂಗಳದ ಮೇಲೆ ಬೀಳಬೇಕಾಗಿಲ್ಲ. ಅಂದರೆ ಅಸ್ಪೃಶ್ಯತೆಯನ್ನು ಬರೀ ಮನುಸ್ಮೃತಿ ಕಾಪಾಡಲಿಲ್ಲ. ಟೇಪು ಹಿಡಿದ ಎಂಜಿನಿಯರೂ ಕಾಪಾಡಿದ. ಮುಂದಿನ ರಸ್ತೆಗೆ ಇಷ್ಟು ಅಡಿ, ಹಿಂದಿನ ಸಂದಿಗೆ ಇಷ್ಟು ಅಡಿ ಅಂತ ಅಳೆದು ಕೊಟ್ಟ.

ತಲೆಯ ಮೇಲೆ ಮಲ ಹೊರುವುದನ್ನು ನಮ್ಮ ರಾಜ್ಯದಲ್ಲಿ ನಿಲ್ಲಿಸಲು ಹೊರಟವರು ಬಿ. ಬಸವಲಿಂಗಪ್ಪ, 1970ರ ದಶಕದ ಆರಂಭದಲ್ಲಿ, ದೇವರಾಜ ಅರಸು ಅವರ ಮಂತ್ರಿಮಂಡಲದಲ್ಲಿದ್ದಾಗ. ಸಂಸತ್ತಿನ ಕಾನೂನು ಬರಲು 1993 ಆಯಿತು. ಅದು ಸಾಲದು ಅಂತ 2013ರಲ್ಲಿ ಇನ್ನೊಂದು ಬಂತು. ಈ ಎರಡು ಕಾನೂನುಗಳ ನಡುವೆ, 2010ರಲ್ಲಿ, ಪಕ್ಕದ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ನಮ್ಮ ಜನ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಇದನ್ನು ಮರೆಯಬಾರದು.

ನಾನು ಅವ್ವನ ಕೈಹಿಡಿದು ಮುಂದಿನ ರಸ್ತೆಗೆ ಕರೆತಂದೆ. ನಾಲ್ಕು ಮನೆ ದಾಟುವಷ್ಟರಲ್ಲಿ ಒಂದು ಗೇಟಿನಿಂದ ಮಾತು ಬಂತು: ‘ಯಾರ್ ಬೇಕಾಗಿತ್ತು?’

ಗದರಿದ್ದೇನಲ್ಲ, ಬರೀ ಪ್ರಶ್ನೆ. ಆದರೆ ನಮ್ಮ ಹಿಂದೆ ಹಿಂದೆಯೇ ಇಬ್ಬರು ಫೋಟೋ ತೆಗೆಯುತ್ತಾ ಬರುತ್ತಿದ್ದರು. ಅವರನ್ನು ಕೇಳಲಿಲ್ಲ. ಅವ್ವ ತಕ್ಷಣ ‘ಏನಿಲ್ಲ ಬುದ್ದಿ, ಹೊಂಟ್ವಿ’ ಅಂದು ಸೆರಗು ಸರಿಮಾಡಿಕೊಂಡಳು. ಐವತ್ತು ವರ್ಷದ ಹಿಂದೆ ಬಿಟ್ಟ ‘ಬುದ್ದಿ’ ಆ ಬೀದಿಗೆ ಕಾಲಿಟ್ಟ ಕೂಡಲೇ ಬಾಯಿಗೆ ವಾಪಸ್ಸು ಬಂದಿತ್ತು.

ಗೆಳೆಯರೇ, ನಾನು ಹೇಳಬೇಕೆಂದಿರುವುದು ಇಷ್ಟೇ. ಇಂಥ ಬೀದಿಗಳಿಗೆ ನಮ್ಮವರು ಹೋಗಿಯೇ ಇಲ್ಲ ಅಂತಲ್ಲ. ದಿನಾ ಹೋಗಿದ್ದಾರೆ. ಪೊರಕೆ ಹಿಡಿದು, ಸೌದೆ ಹೊತ್ತು, ಸತ್ತ ದನ ಎಳೆಯಲು, ಮದುವೆಗೆ ಹಲಗೆ ಬಡಿಯಲು. ಏನಾದರೂ ಕೆಲಸ ಇದ್ದಾಗ ಬಂದಿದ್ದಾರೆ, ಕೆಲಸ ಮುಗಿದ ಮೇಲೆ ಹೊರಟಿದ್ದಾರೆ. ಕೆಲಸವಿಲ್ಲದೆ ಅಲ್ಲಿ ನಿಂತುಕೊಳ್ಳುವ, ಸುಮ್ಮನೆ ಕಣ್ಣು ತುಂಬ ನೋಡುವ ಹಕ್ಕು ಮಾತ್ರ ನಮಗೆ ಇರಲಿಲ್ಲ. ಪ್ರವಾಸಿ ಅಂದರೆ ಯಾರು? ಕೆಲಸವಿಲ್ಲದೆ ಬಂದು ನೋಡುವವನು. ಆ ಅರ್ಥದಲ್ಲಿ ನಮ್ಮ ಅವ್ವಂದಿರು ತಮ್ಮ ಊರಿನಲ್ಲೇ ಒಂದು ದಿನವೂ ಪ್ರವಾಸಿಗಳಾಗಲಿಲ್ಲ.

ಇದು ಸಣ್ಣ ವಿಷಯ ಅನ್ನುವವರು ಚರಿತ್ರೆ ನೋಡಲಿ. 1924ರಲ್ಲಿ ಕೇರಳದ ವೈಕಂನಲ್ಲಿ ಸತ್ಯಾಗ್ರಹ ನಡೆದದ್ದು ದೇವಸ್ಥಾನದ ಒಳಗೆ ಹೋಗಲಿಕ್ಕಲ್ಲ, ಅದರ ಸುತ್ತಲಿನ ರಸ್ತೆಯಲ್ಲಿ ನಡೆಯಲಿಕ್ಕೆ. 1934ರಲ್ಲಿ ಬಾಬಾಸಾಹೇಬ ಅಂಬೇಡ್ಕರರು ಜೊತೆಗಾರರೊಡನೆ ವೇರೂಳದ ಗುಹೆಗಳನ್ನು ನೋಡಲು ಪ್ರವಾಸ ಹೊರಟರು. ದಾರಿಯಲ್ಲಿ ದೌಲತಾಬಾದಿನ ಕೋಟೆ. ಬಾಗಿಲ ಬಳಿಯ ಕೊಳದಲ್ಲಿ ಧೂಳು ಹಿಡಿದ ಕೈಕಾಲು ತೊಳೆದುಕೊಂಡರು ಅನ್ನುವುದಕ್ಕೆ ದೊಡ್ಡ ಗಲಾಟೆ ಆಯಿತು. ಕೊನೆಗೆ, ಒಳಗೆ ಎಲ್ಲೂ ನೀರು ಮುಟ್ಟಕೂಡದು ಅಂತ ಶರತ್ತು ಹಾಕಿ, ಆಯುಧ ಹಿಡಿದ ಸಿಪಾಯಿಯನ್ನು ಕಾವಲು ಕೊಟ್ಟು ಕಳಿಸಿದರು. ಕೊಲಂಬಿಯಾದಲ್ಲೂ ಲಂಡನ್ನಿನಲ್ಲೂ ಓದಿ ಡಾಕ್ಟರೇಟು ಪಡೆದು ಬಂದ ಮನುಷ್ಯ ತನ್ನ ದೇಶದ ಒಂದು ಹಾಳು ಕೋಟೆ ನೋಡಲು ಹೋದಾಗ ಆದ ಕಥೆ ಇದು. ಅವರು ಅಧ್ಯಕ್ಷರಾಗಿದ್ದ ಕರಡು ಸಮಿತಿ ರೂಪಿಸಿದ ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಅಂತ ಒಂದೊಂದನ್ನೂ ಹೆಸರಿಡಿದು ಬರೆಯಲಾಗಿದೆ. ರಸ್ತೆಯಲ್ಲಿ ನಡೆಯುವ ಹಕ್ಕನ್ನು ಬರೆದು ಕೊಡಬೇಕಾದ ದೇಶ ನಮ್ಮದು.

ಅಲ್ಲಿಂದ ತುಂಗೆಯ ದಡಕ್ಕೆ, ಕೋಟೆಯ ಕಡೆ ಹೋದೆವು. ಶಿವಪ್ಪನಾಯಕನ ಅರಮನೆ ಅಂತ ಕರೆಯುವ ಕಟ್ಟಡ ಅಲ್ಲಿದೆ. ಹೆಸರು ಕೆಳದಿಯ ಅರಸನದು. ಕಟ್ಟಡ 18ನೇ ಶತಮಾನದ ಹೈದರಾಲಿಯ ಕಾಲದ್ದು ಅನ್ನುತ್ತಾರೆ. ದಪ್ಪ ದಪ್ಪ ಮರದ ಕಂಬಗಳು. ಈಗ ಅದು ಸರ್ಕಾರಿ ವಸ್ತುಸಂಗ್ರಹಾಲಯ. ಅವ್ವ ಕಂಬ ಮುಟ್ಟಿ ನೋಡಿ, ‘ಇಲ್ಲಿ ಕೂತ್ಕಂಡ್ರೆ ಯಾರಾರ ಬೈತಾರಾ?’ ಅಂತ ಕೇಳಿದಳು. ರಾಜರೆಲ್ಲ ಹೋದ ಮೇಲೆ ಅರಮನೆಯಲ್ಲಿ ಕೂರಬಹುದಾಗಿದೆ. ಇರುವವರ ಬೀದಿಯಲ್ಲೇ ಕಷ್ಟ.

ಮಧ್ಯಾಹ್ನ ಬಸ್ಸು ಹತ್ತಿ ಭದ್ರಾವತಿಗೆ ಬಂದೆವು. ಬೆಂಕಿಪುರ ಅಂತ ಹಳೆಯ ಹೆಸರಿನ ಊರು. ಹಳೇ ನಗರದಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನವಿದೆ. ಹೊಳೆಯ ಈಚೆಗೆ ಕಾರ್ಖಾನೆ, ನ್ಯೂಟೌನು. ಮೈಸೂರು ಸಂಸ್ಥಾನ ಇಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಲು ಹೊರಟದ್ದು 1918ರಲ್ಲಿ. ಕುಲುಮೆ ಹೊತ್ತಿದ್ದು 1923ರ ಜನವರಿಯಲ್ಲಿ. ಕಾರ್ಖಾನೆಯ ಜೊತೆಗೇ ಊರೂ ಬೆಳೆಯಿತು: ಅಧಿಕಾರಿಗಳಿಗೆ ತೋಟದ ನಡುವೆ ಬಂಗಲೆ, ಗುಮಾಸ್ತರಿಗೆ ಅದಕ್ಕಿಂತ ಚಿಕ್ಕದು, ಕೂಲಿಯವರಿಗೆ ಸಾಲುಮನೆ. ಶಿವಪ್ಪನಾಯಕನ ಶಿಸ್ತು ಭೂಮಿಗೆ ದರ್ಜೆ ಕಟ್ಟಿತ್ತು. ಇಲ್ಲಿ ಮನುಷ್ಯರ ದರ್ಜೆಯನ್ನು ಮನೆಯ ಅಳತೆಯಿಂದಲೇ ಹೇಳಬಹುದಿತ್ತು.

ಬಂಗಲೆಯೊಳಗೆ ಯಾರು ಬರಬೇಕು ಅನ್ನುವುದೂ ಆ 1918ರಲ್ಲೇ ಚರ್ಚೆಗೆ ಬಂತು. ಸರ್ಕಾರಿ ಹುದ್ದೆಗಳೆಲ್ಲ ಒಂದೇ ಜಾತಿಯವರ ಕೈಲಿವೆ ಅನ್ನುವ ದೂರಿನ ಮೇಲೆ ಮಹಾರಾಜರು ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಾಗಲಿಲ್ಲ; ಅರ್ಹತೆ ಕೆಡುತ್ತದೆ ಅಂದರು, ದಿವಾನಗಿರಿ ಬಿಟ್ಟರು. ಮಿಲ್ಲರ್ ವರದಿ 1919ರಲ್ಲಿ ಬಂತು, ಸರ್ಕಾರದ ಆದೇಶ 1921ರಲ್ಲಿ. ಕಬ್ಬಿಣದ ಕೆಲಸ ನಷ್ಟದಲ್ಲಿ ಮುಳುಗುತ್ತಿದ್ದಾಗ ಅದೇ ವಿಶ್ವೇಶ್ವರಯ್ಯನವರೇ 1923ರಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು ಎತ್ತಿ ನಿಲ್ಲಿಸಿದರು. ಅದನ್ನು ಇಲ್ಲ ಅನ್ನಬೇಕಾಗಿಲ್ಲ. ಆದರೆ ಅರ್ಹತೆ ಅನ್ನುವ ಮಾತು ಬಂದಾಗ ನಾವು ಕೇಳಬೇಕಾದ್ದು ಕೇಳಲೇಬೇಕು. ಶಾಲೆಯ ಬಾಗಿಲಲ್ಲೇ ತಡೆಸಿಕೊಂಡವನು ಬಂಗಲೆಯ ಬಾಗಿಲಿಗೆ ಅರ್ಹನಾಗುವುದು ಹೇಗೆ?

ಆ ಕುಲುಮೆಗೆ ಕಲ್ಲಿದ್ದಲು ಇರಲಿಲ್ಲ. ಮಲೆನಾಡಿನ ಕಾಡು ಕಡಿದು ಇದ್ದಿಲು ಮಾಡಿ ಕಬ್ಬಿಣ ಕರಗಿಸಿದರು. ಜ್ವರದ ಸೀಮೆ ಅದು. ಮಲೇರಿಯಾ ತಗುಲಿದರೆ ಊರಿಗೆ ಊರೇ ಹಾಸಿಗೆ ಹಿಡಿಯುತ್ತಿದ್ದ ಕಾಲ. ಅಂಥ ಕಾಡಿನೊಳಗೆ ಕೊಡಲಿ ಹಿಡಿದು ಹೋದವರು ಬಡವರು. ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ. ಆ ಬೆಟ್ಟವೇ ಮಹಾರಾಜರ ಬೇಸಿಗೆಯ ತಂಗುದಾಣವೂ ಆಗಿತ್ತು. ಒಬ್ಬರು ತಂಪಿಗೆ ಬೆಟ್ಟ ಹತ್ತಿದರು, ಇನ್ನೊಬ್ಬರು ಅಗೆಯುವುದಕ್ಕೆ ಹತ್ತಿದರು. ಈಗ ಪ್ರವಾಸಿಗಳಿಗೆ ತೋರಿಸುವುದು ಮೊದಲನೆಯವರ ಹೂದೋಟವನ್ನು.

ಆದರೂ ಒಂದು ಮಾತು ನಿಜ. ಈ ಕಾರ್ಖಾನೆಯ ಊರು ಹಳ್ಳಿಯ ಹಾಗೆ ಉಸಿರು ಕಟ್ಟಿಸಲಿಲ್ಲ. ತಮಿಳು, ತೆಲುಗು ಸೀಮೆಯಿಂದ, ಬಯಲುಸೀಮೆಯಿಂದ ಬಂದ ನಮ್ಮ ಜನಕ್ಕೆ ತಿಂಗಳ ಸಂಬಳ ಸಿಕ್ಕಿತು. ಗೌಡನ ಮನೆ ಮುಂದೆ ಕಾಯುವುದು ತಪ್ಪಿತು. ಮಕ್ಕಳು ಕಾಲೇಜಿನವರೆಗೆ ಬಂದರು. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಬೇರುಬಿಟ್ಟ ಊರುಗಳಲ್ಲಿ ಭದ್ರಾವತಿ ಮೊದಲ ಸಾಲಿನದು, ಪ್ರೊ. ಬಿ. ಕೃಷ್ಣಪ್ಪ ಈ ಊರಿನ ಕಾಲೇಜಿನ ಕನ್ನಡ ಮೇಷ್ಟ್ರು. ಪೊರಕೆ ಹಿಡಿಯದೆ, ಬಾವುಟ ಹಿಡಿದು, ಹಲಗೆ ಬಡಿದುಕೊಂಡು ನಮ್ಮವರು ನಡುರಸ್ತೆಯಲ್ಲಿ ನಡೆದದ್ದು ಆಗ. ಮೆರವಣಿಗೆಯಲ್ಲಿ ನಡೆದೆವು. ಒಬ್ಬೊಬ್ಬರೇ ನಡೆಯುವುದು ಇನ್ನೂ ಬಾಕಿ ಇದೆ.

ಈಗ ಬಂಗಲೆ ಸಾಲಿಗೆ ಮೊದಲಿನ ಕಳೆ ಇಲ್ಲ. ಕಾರ್ಖಾನೆ 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು. 2023ರ ಜನವರಿಯಲ್ಲಿ, ಕುಲುಮೆ ಹೊತ್ತಿ ಸರಿಯಾಗಿ ನೂರು ವರ್ಷಕ್ಕೆ, ಮುಚ್ಚುವ ತೀರ್ಮಾನ ಬಂತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಆಮೇಲೆ ಅಷ್ಟಿಷ್ಟು ಕೆಲಸ ಮತ್ತೆ ಶುರುವಾಯಿತು. ಆಚೆ ಕಾಗದನಗರದ ಗಿರಣಿಯಂತೂ ಅದಕ್ಕೆ ಎಷ್ಟೋ ವರ್ಷ ಮೊದಲೇ ನಿಂತಿತ್ತು. ಹಳೆಯ ಬಂಗಲೆಗಳ ಹಂಚು ಜಾರಿದ್ದಕ್ಕೆ ಅಯ್ಯೋ ಅನ್ನುವವರು ಬಹಳ. ಅನ್ನಲಿ. ಆದರೆ ಸಾಲುಮನೆಯ ಒಲೆ ಆರಿದ್ದಕ್ಕೂ ಅಷ್ಟೇ ಜೋರಾಗಿ ಅನ್ನಬೇಕು.

ಇನ್ನೊಂದು ಕಡೆ ಹೊಸ ಬೀದಿಗಳು ಏಳುತ್ತಿವೆ. 2023ರ ಫೆಬ್ರವರಿಯಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಅದಕ್ಕೆ ಕುವೆಂಪು ಹೆಸರು. ಜಗತ್ತಿನ ಯಾವ ಮೂಲೆಯವನೂ ಬಂದು ನಮ್ಮ ಜಿಲ್ಲೆಯನ್ನು ನೋಡಬಹುದು. ಒಳ್ಳೆಯದೇ. ದೊಡ್ಡ ಊರುಗಳಲ್ಲಿ ಈಗ ಬೀದಿಗೇ ಗೇಟು ಹಾಕುತ್ತಾರೆ, ಕೆಲಸದವರಿಗೆ ಬೇರೆ ಲಿಫ್ಟು ಇಡುತ್ತಾರೆ. ಬಕೇಟು ಹೋಯಿತು, ಸಂದಿ ಹೋಗಲಿಲ್ಲ, ಕಟ್ಟಡದೊಳಗೇ ನಿಂತುಕೊಂಡಿತು. ವಿಶ್ವಮಾನವನ ಹೆಸರು ನಿಲ್ದಾಣಕ್ಕಿಟ್ಟರೆ ಸಾಲದು. ಬೀದಿಗೂ ಆ ಮಾತು ಇಳಿಯಬೇಕು.

ಸಂಜೆ ಬಂಗಲೆ ಸಾಲಿನ ಹತ್ತಿರ ಒಂದು ದೊಡ್ಡ ಮರದ ಕೆಳಗೆ ಕೂತೆವು. ಅವ್ವ ಬುತ್ತಿ ಬಿಚ್ಚಿದಳು. ರೊಟ್ಟಿ, ಹುಚ್ಚೆಳ್ಳು ಚಟ್ನಿ. ವಾಕಿಂಗಿಗೆ ಬಂದ ವಯಸ್ಸಾದವರೊಬ್ಬರು ನಿಂತು, ‘ಯಾರ್ ಮನೆಗೆ ಬಂದಿದ್ರಮ್ಮ?’ ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲು ಅವ್ವನೇ ಹೇಳಿದಳು:

‘ಯಾರ್ ಮನೆಗೂ ಅಲ್ಲಪ್ಪ. ಬೀದಿ ನೋಡಾಕ್ ಬಂದಿದ್ವಿ.’

ಬುದ್ದಿ ಅನ್ನಲಿಲ್ಲ. ಅಪ್ಪ ಅಂದಳು. ಎದ್ದೇಳಲೂ ಇಲ್ಲ. ಅವರು ‘ನೋಡಿ, ನೋಡಿ’ ಅಂದು ಮುಂದೆ ಹೋದರು. ಕತ್ತಲಾಗುವ ತನಕ ಅಲ್ಲೇ ಕೂತಿದ್ದೆವು.

ನಿಮ್ಮೂರಲ್ಲೂ ಅಂಥ ಒಂದು ಬೀದಿ ಇರುತ್ತದೆ. ನಿಮ್ಮ ಮನೆಯಲ್ಲೂ ಅದನ್ನು ಹಿಂದಿನಿಂದ ಮಾತ್ರ ಕಂಡ ಒಬ್ಬ ಅವ್ವನೋ ಅಜ್ಜಿಯೋ ಇರುತ್ತಾಳೆ. ಕರೆದುಕೊಂಡು ಹೋಗಿ. ಬುತ್ತಿ ಮರೆಯಬೇಡಿ.