ಹಿತ್ತಲ ಹೂವಿಗೆ ಯಾವ ಊರು?

ಈ ಸಲ ಬೆಳೆ ವಿಚಾರ ಅಲ್ಲ, ಹೂವಿನ ವಿಚಾರ. ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ಶಿವರಾತ್ರಿ ಹತ್ತಿರ ಬಂತು. ಪಂಚಾಂಗದ ಪ್ರಕಾರ ಇದು ಇನ್ನೂ ಶಿಶಿರ ಋತು, ವಸಂತ ಬರೋದು ಯುಗಾದಿಗೆ. ಆದ್ರೆ ಗಿಡಗಳು ಪಂಚಾಂಗ ನೋಡಲ್ಲ. ನಮ್ಮ ಹಿತ್ತಲಲ್ಲಿ ಮುತ್ತುಗ ಎಲೆ ಉದುರಿಸಿ ಕೆಂಪಗೆ ನಿಂತಿದೆ. ಬೇಲಿ ಸಾಲಿನ ಗೊಬ್ಬರದ ಗಿಡದ ತುಂಬ ತಿಳಿಗುಲಾಬಿ ಹೂ. ಮಾವು ಆಗಲೇ ಪೀಚು ಕಚ್ಚಿದೆ. ದೇವಕಣಗಿಲೆಯ ಬೋಳು ಕೊಂಬೆ ತುದೀಲಿ ಮೊಗ್ಗು ಒಡೆದಿದೆ. ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದ್ರೆ ಸಾಕು, ಮನಸ್ಸು ಹಗುರ ಆಗುತ್ತೆ.

ಮೊನ್ನೆ ಅಣ್ಣನ ಮಗ ಬಂದವನು, "ಚಿಕ್ಕಪ್ಪ, ಇವನ್ನೆಲ್ಲ ತೆಗೆಸಿದ್ರೆ ಇನ್ನೂ ಹತ್ತು ಹದಿನೈದು ಅಡಿಕೆ ಗಿಡ ಕೂರ್ತವೆ. ಹೂವಿಂದ ಏನು ಬರುತ್ತೆ?" ಅಂದ. ಅವನ ಲೆಕ್ಕ ತಪ್ಪಲ್ಲ. ಆದ್ರೆ ಕೊಡಲಿ ಎತ್ತೋ ಮುಂಚೆ ಒಂದೊಂದು ಗಿಡದ ಚರಿತ್ರೆ ತಿಳ್ಕೊಳ್ಳೋದು ಒಳ್ಳೇದು.

ಮುತ್ತುಗ ಈ ನೆಲದ್ದೇ. ಹೈಸ್ಕೂಲಲ್ಲಿ 1757ರ ಪ್ಲಾಸಿ ಕದನ ಓದಿದ್ವಲ್ಲ, ಬಂಗಾಳದ ಆ ಊರಿನ ನಿಜವಾದ ಹೆಸರು ಪಲಾಶಿ. ಪಲಾಶ ಅಂದ್ರೆ ನಮ್ಮ ಮುತ್ತುಗವೇ, ಆ ಮರಗಳಿಂದಲೇ ಊರಿಗೆ ಆ ಹೆಸರು ಅಂತಾರೆ. ನಮ್ಮ ಅಪ್ಪನ ಕಾಲದಲ್ಲಿ ಮದುವೆ ಊಟ ಅಂದ್ರೆ ಮುತ್ತುಗದ ಎಲೆ. ಮಧ್ಯಾಹ್ನ ಹೆಂಗಸರೆಲ್ಲ ಜಗಲಿ ಮೇಲೆ ಕೂತು ಎಲೆ ಹಚ್ಚೋರು. ಹೂವನ್ನ ನೀರಲ್ಲಿ ಕುದಿಸಿದ್ರೆ ಹೋಳಿಗೆ ಬಣ್ಣ. ಅರಗಿನ ಹುಳ ಸಾಕೋದಕ್ಕೂ ಇದೇ ಮರ ಬೇಕಿತ್ತು. ಪೇಪರ್ ತಟ್ಟೆ ಬಂತು, ಎಲೆ ಹಚ್ಚೋದು ನಿಂತಿತು, ಮರ "ಉಪಯೋಗ ಇಲ್ಲದ್ದು" ಆಯ್ತು.

ಇನ್ನು ಕೆಲವು ಸಮುದ್ರ ದಾಟಿ ಬಂದವು. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಿದ್ದು 1498ರಲ್ಲಿ, ಪೋರ್ಚುಗೀಸರು ಗೋವಾ ಹಿಡಿದಿದ್ದು 1510ರಲ್ಲಿ. ಆಮೇಲೆ ಅಮೆರಿಕ ಖಂಡದ ಗಿಡಗಳು ನಮ್ಮ ಕಡೆಗೆ ಬರೋಕೆ ಶುರುವಾದವು. ಮೆಣಸಿನಕಾಯಿ, ಸೀಬೆ, ಕಡಲೆಕಾಯಿ ಎಲ್ಲ ಆ ಖಂಡದವೇ. ಪರಂಗಿ ಹಣ್ಣಿನ ಹೆಸರಲ್ಲೇ ಪರಂಗಿಯವನು ಕೂತಿದ್ದಾನೆ. ನಾವು ಆಯುಧಪೂಜೆಗೆ ಟ್ರ್ಯಾಕ್ಟರಿಗೆ ಕಟ್ಟೋ ಚೆಂಡುಹೂವೂ ಮೆಕ್ಸಿಕೋ ಕಡೆಯದು. ಅಲ್ಲಿ ನವೆಂಬರ್ ಮೊದಲಲ್ಲಿ ತೀರಿಹೋದ ಹಿರಿಯರಿಗೆ ಎಡೆ ಇಡುವಾಗ ಇದೇ ಹೂ ಹಾಕ್ತಾರೆ, ನಮ್ಮ ಪಕ್ಷದ ಹಬ್ಬದ ಹಾಗೆ. ದೇವಕಣಗಿಲೆಯೂ ಆ ಕಡೆಯದೇ. ಹೊರಗಿಂದ ಬಂದ ಗಿಡಕ್ಕೆ ನಮ್ಮವರು "ದೇವ" ಅಂತ ಸೇರಿಸಿ ಗುಡಿ ಅಂಗಳದಲ್ಲಿ ನೆಟ್ಟರು. ಗೊಬ್ಬರದ ಗಿಡವನ್ನ ಮಧ್ಯ ಅಮೆರಿಕದಲ್ಲಿ ಕೋಕೋ ಗಿಡಕ್ಕೆ ನೆರಳಾಗಿ ಬೆಳೆಸ್ತಾರೆ, ಅಲ್ಲಿನ ಹೆಸರಿಗೆ "ಕೋಕೋದ ತಾಯಿ" ಅಂತ ಅರ್ಥ.

ನಮ್ಮ ರಾಜ್ಯದ ಹೂವಿನ ಚರಿತ್ರೆ ಅಂದ್ರೆ ಲಾಲ್‌ಬಾಗ್ ಬಿಡೋ ಹಾಗಿಲ್ಲ. 1760ರಲ್ಲಿ ಹೈದರಾಲಿ ಶುರು ಮಾಡಿದ, ಟಿಪ್ಪು ಹೊರದೇಶಗಳಿಂದ ಗಿಡ ತರಿಸಿ ಬೆಳೆಸಿದ. 1856ರಲ್ಲಿ ಅದು ಸರ್ಕಾರದ ಸಸ್ಯೋದ್ಯಾನ ಆಯ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1908ರಲ್ಲಿ, ಕ್ರುಂಬಿಗಲ್ ಅನ್ನೋ ಜರ್ಮನಿಯವರು ಅಲ್ಲಿಗೆ ಬಂದರು. ಒಂದು ಜಾತಿ ಮರದ ಹೂ ಮುಗಿಯೋ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷಪೂರ್ತಿ ಊರು ಹೂವಲ್ಲಿರಬೇಕು ಅನ್ನೋದು ಅವರ ಯೋಜನೆ. ಬೆಂಗಳೂರಿನ ರಸ್ತೆಗಳಲ್ಲಿ ಅದನ್ನ ಈಗಲೂ ನೋಡಬಹುದು.

ನಮ್ಮ ಅಜ್ಜಿಯರು ಯಾವ ನಕ್ಷೆಯೂ ಇಲ್ಲದೆ ಹಿತ್ತಲಲ್ಲಿ ಮಾಡಿದ್ದೂ ಇದನ್ನೇ. ಚಳಿಗೆ ಸೇವಂತಿಗೆ, ಕಾಕಡ. ಮಾಘಕ್ಕೆ ಮಾವು, ಮುತ್ತುಗ. ಆಮೇಲೆ ಹೊಂಗೆ, ಯುಗಾದಿಗೆ ಬೇವಿನ ಹೂ, ಬಿಸಿಲು ಏರಿದ ಹಾಗೆ ಮಲ್ಲಿಗೆ. ಜೇನಿಗೂ ನೊಣಕ್ಕೂ ಒಂದಿಲ್ಲದಿದ್ರೆ ಇನ್ನೊಂದು ಸಿಗ್ತಿತ್ತು. ಮಾವಿನ ಹೂ ಕಾಯಿ ಕಚ್ಚೋದು ಈ ಜೇನು, ನೊಣಗಳಿಂದಲೇ. ಮಾವು ಇರೋದು ಒಂದೇ ತಿಂಗಳು, ಉಳಿದ ಹನ್ನೊಂದು ತಿಂಗಳು ಅವು ಏನು ತಿಂದು ಬದುಕಬೇಕು?

ಅಣ್ಣನ ಮಗನಿಗೆ ಇಷ್ಟೂ ಹೇಳಿದೆ. ಗೊಬ್ಬರದ ಗಿಡ ಸವರಿ ಸೊಪ್ಪನ್ನ ಅಡಿಕೆ ಬುಡಕ್ಕೆ ಹಾಕು, ಗಿಡ ಕೀಳಬೇಡ ಅಂದೆ. ಅದಕ್ಕೆ ಒಪ್ಪಿದ. ಮುತ್ತುಗದ ವಿಚಾರದಲ್ಲಿ ಇನ್ನೂ ಪೂರ್ತಿ ಒಪ್ಪಿಲ್ಲ, "ಈ ವರ್ಷ ಇರಲಿ ಬಿಡಿ" ಅಂದಿದ್ದಾನೆ. ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದೆ ಹುಟ್ಟಿದ್ದು ಸುಮ್ನೆ ಅಲ್ಲ ನೋಡಿ.

ಯುಗಾದಿ ಕಳೆದ ಮೇಲೆ ಮುತ್ತುಗದ ಕಾಯಿ ಒಣಗಿ ಉದುರ್ತವೆ. ಒಂದು ಕಾಯಲ್ಲಿ ಒಂದೇ ಚಪ್ಪಟೆ ಬೀಜ. ಬೇಕಾದವರು ಬಂದು ಆಯ್ಕೊಂಡು ಹೋಗಿ, ಮೊದಲ ಮಳೆಗೆ ಬದುವಿನ ಮೇಲೆ ಊರಿ. ಅಡಿಕೆ ಜಾಗ ಬೇಡ ಅದಕ್ಕೆ, ಬದು ಸಾಕು.